ಪಾವ್ಲಿಷ್ ಹೆಡ್‌ಮಾಸ್ತರರ ಬರಹ
ಉಕ್ರೇನಿನ ಪಾವ್ಲಿಷ್ ಹಳ್ಳಿಶಾಲೆಗೆ ವಾಸಿಲ್ ಸುಖೊಮ್ಲಿನ್‌ಸ್ಕಿ 1948ರಿಂದ 1970ರಲ್ಲಿ ತೀರಿಕೊಳ್ಳುವವರೆಗೂ ಹೆಡ್‌ಮಾಸ್ತರರು. ಎದೆಯಲ್ಲಿ ಯುದ್ಧದ ಲೋಹದ ಚೂರುಗಳು. ಶಾಲೆ ಶುರುವಾಗುವ ಮೊದಲು, ಬೆಳಗಿನ ಜಾವವೇ ಬರೆಯಲು ಕೂರುತ್ತಿದ್ದರು. ಆ ಬರಹ ನನಗೆ ಹಿಡಿಸುವುದು ಅದರಲ್ಲಿ ಸುತ್ತೋಲೆಯ ವಾಸನೆ ಇಲ್ಲದ್ದಕ್ಕೆ. ಆಡಳಿತದ ಮಾತು ಎತ್ತಿಕೊಂಡರೂ ಅದು ಹೋಗಿ ನಿಲ್ಲುವುದು ಒಂದು ಮಗುವಿನ ಮುಂದೆ: ಈ ಹುಡುಗನಿಗೆ ಲೆಕ್ಕ ಯಾಕೆ ಹತ್ತುತ್ತಿಲ್ಲ, ಮನೆಯಲ್ಲಿ ಏನು ನಡೆದಿದೆ? ಹಾಗಾಗಿ ಅಪ್ಪ-ಅಮ್ಮಂದಿರಿಗೂ ಪಾಠ ಇಟ್ಟರು. ಆರು ವರ್ಷದ ಮಕ್ಕಳನ್ನು ಬೆಂಚಿನಿಂದ ಎಬ್ಬಿಸಿ ತೋಟಕ್ಕೆ, ಹೊಲಕ್ಕೆ ಕರೆದೊಯ್ದರು. ಮಗನಿಗೆ ಬರೆದ ಕಾಗದಗಳೂ ಪುಸ್ತಕವಾದವು. ಉಪದೇಶ ಕೆಲವೊಮ್ಮೆ ಉದ್ದವಾಗುತ್ತದೆ, ನಿಜ. ಮೇಷ್ಟ್ರಲ್ಲವೇ! ಆದರೆ ಕುರ್ಚಿ ಸಿಕ್ಕಮೇಲೂ ತರಗತಿ ಬಿಡದೆ, ಬೇರೆ ಶಿಕ್ಷಕರ ಪಾಠಕ್ಕೂ ಹೋಗಿ ಕೂತು ಕೇಳಿದವರ ಉಪದೇಶ ಅದು.