ಗಾಜಿನ ಗೋಳದೊಳಗಿನ ನರ್ತಕಿ

1959ರಲ್ಲಿ ‘ಬ್ಯಾಟ್‌ಮ್ಯಾನ್’ ಕಾಮಿಕ್ಸ್‌ನ 121ನೇ ಸಂಚಿಕೆಯಲ್ಲಿ ಮೊದಲ ಸಲ ಕಾಣಿಸಿಕೊಂಡಾಗ ಅವನ ಹೆಸರು ಮಿಸ್ಟರ್ ಝೀರೋ. ಹೆಸರಿಗೆ ತಕ್ಕಂತೆಯೇ ಇದ್ದ. ಹಿಮ ಉಗುಳುವ ಬಂದೂಕಿನ ಪ್ರಯೋಗ ಮಾಡಲು ಹೋಗಿ, ಅವಘಡವಾಗಿ, ಚಳಿಯಲ್ಲಿ ಮಾತ್ರ ಬದುಕಬಲ್ಲವನಾಗಿ, ವಜ್ರ ಕದಿಯುತ್ತ ತಿರುಗುವ ಕಳ್ಳ. ಕಥೆಯ ಕೊನೆಗೆ ಬಿಸಿ ಹಬೆ ತಗುಲಿ ಅವನ ಕಾಯಿಲೆಯೂ ವಾಸಿಯಾಗುತ್ತದೆ. ಅಲ್ಲಿಗೆ ಮುಗಿಯಿತು. 1966ರಲ್ಲಿ ಶುರುವಾದ ಟೀವಿ ಧಾರಾವಾಹಿ ಅವನನ್ನು ಮಿಸ್ಟರ್ ಫ್ರೀಜ್ ಎಂದು ಕರೆಯಿತು. ಒಬ್ಬರಾದ ಮೇಲೊಬ್ಬರಂತೆ ಮೂವರು ಆ ವೇಷ ಹಾಕಿದರು; ಅವರಲ್ಲೊಬ್ಬರು ಹೆಸರಾಂತ ಸಿನಿಮಾ ನಿರ್ದೇಶಕ ಆಟೋ ಪ್ರೆಮಿಂಜರ್. ಮೂವರೂ ಮಜವಾಗಿಯೇ ಆಡಿದರು. ಆದರೆ ಅದು ವೇಷವಾಗಿಯೇ ಉಳಿಯಿತು.

1992ರ ಸೆಪ್ಟೆಂಬರ್ 7ರಂದು ‘ಬ್ಯಾಟ್‌ಮ್ಯಾನ್: ದಿ ಅನಿಮೇಟೆಡ್ ಸೀರೀಸ್’ನಲ್ಲಿ ‘ಹಾರ್ಟ್ ಆಫ್ ಐಸ್’ ಎಂಬ ಕಂತು ಪ್ರಸಾರವಾಯಿತು. ಬರೆದವರು ಪಾಲ್ ಡಿನಿ, ನಿರ್ದೇಶಿಸಿದವರು ಬ್ರೂಸ್ ಟಿಮ್. ಮಕ್ಕಳಿಗೆಂದು ಮಾಡಿದ, ಹೆಚ್ಚೆಂದರೆ ಇಪ್ಪತ್ತೆರಡು ನಿಮಿಷದ ಕಂತು. ಅದರ ಚಿತ್ರಕಥೆಗೆ ಡಿನಿಗೆ ಎಮ್ಮಿ ಪ್ರಶಸ್ತಿ ಬಂತು. ಅದಾದ ಮೇಲೆ ಫ್ರೀಜ್‌ನ ಹಳೆಯ ಕಥೆ ಯಾರಿಗೂ ಬೇಡವಾಯಿತು. ಕಾಮಿಕ್ಸ್ ಕೂಡ ಈ ಹೊಸ ಕಥೆಯನ್ನೇ ಅವನ ಪೂರ್ವಕಥೆಯೆಂದು ಒಪ್ಪಿಕೊಂಡಿತು.

ಕಥೆ ಇಷ್ಟು. ವಿಜ್ಞಾನಿ ವಿಕ್ಟರ್ ಫ್ರೀಸ್‌ನ ಹೆಂಡತಿ ನೋರಾಗೆ ಮದ್ದಿಲ್ಲದ ಕಾಯಿಲೆ. ಮದ್ದು ಸಿಗುವವರೆಗೆ ಅವಳನ್ನು ಹಿಮನಿದ್ರೆಯಲ್ಲಿಟ್ಟು ಕಾಯುತ್ತಿದ್ದಾನೆ. ಪ್ರಯೋಗಾಲಯ ಗಾಥ್‌ಕಾರ್ಪ್ ಕಂಪನಿಯದು. ಖರ್ಚು ಹೆಚ್ಚಾಯಿತೆಂದು ಮಾಲೀಕ ಫೆರಿಸ್ ಬಾಯ್ಲ್ ಯಂತ್ರ ನಿಲ್ಲಿಸಲು ಬರುತ್ತಾನೆ. ಅಡ್ಡ ನಿಂತ ವಿಕ್ಟರ್‌ನನ್ನು ರಾಸಾಯನಿಕಗಳ ಮೇಲೆ ಒದ್ದು ಕೆಡವುತ್ತಾನೆ.

ಕೇಡಿಗನಿಗೊಂದು ನೋವಿನ ಹಿನ್ನೆಲೆ ಕೊಟ್ಟದ್ದೇ ಈ ಕಂತಿನ ಸಾಧನೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನೋವಿನ ಹಿನ್ನೆಲೆ ಅಗ್ಗದ ಸರಕು, ಯಾರಿಗೆ ಬೇಕಾದರೂ ಹಚ್ಚಬಹುದು. ಡಿನಿಯ ಜಾಣ್ಮೆ ಅದನ್ನು ಯಾರ ಬಾಯಲ್ಲಿ ಹೇಳಿಸಿದ್ದಾರೆ ಎಂಬುದರಲ್ಲಿದೆ. ಫ್ರೀಜ್ ತನ್ನ ದುಃಖವನ್ನು ಯಾರ ಮುಂದೆಯೂ ತೋಡಿಕೊಂಡು ಕನಿಕರ ಕೇಳುವುದಿಲ್ಲ. ನಮಗೆ ಅದು ಗೊತ್ತಾಗುವುದು ಒಂದು ವಿಡಿಯೋ ಟೇಪಿನಿಂದ. ಬ್ಯಾಟ್‌ಮ್ಯಾನ್ ಅದನ್ನು ಒಬ್ಬನೇ ನೋಡುತ್ತಾನೆ, ನೋಡಿ ಬೆಚ್ಚುತ್ತಾನೆ. ಮುಂದೆ ಎದುರಾದಾಗ ‘ನಿನ್ನ ಹೆಂಡತಿಗೆ ಆದದ್ದಕ್ಕೆ ನನಗೂ ಸಂಕಟವಿದೆ’ ಎಂಬ ಧಾಟಿಯಲ್ಲಿ ಮಾತಾಡಿದರೆ, ತನ್ನೊಳಗೆ ಭಾವನೆಗಳೇ ಸತ್ತಿವೆ ಎಂದು ಫ್ರೀಜ್ ತಳ್ಳಿಹಾಕುತ್ತಾನೆ. ಮೈಕೇಲ್ ಅನ್ಸಾರಾ ಅವರ ದನಿ ಇಲ್ಲಿ ಏರುವುದಿಲ್ಲ, ಇಳಿಯುವುದಿಲ್ಲ. ಅವನು ಹೇಳುತ್ತಿರುವುದು ಸುಳ್ಳೆಂದು ಆ ಸಮತಟ್ಟಾದ ದನಿಯಿಂದಲೇ ತಿಳಿಯುತ್ತದೆ.

ಇನ್ನು ಬಾಯ್ಲ್. ಅವನಿಗೆ ದನಿ ಕೊಟ್ಟವರು ಮಾರ್ಕ್ ಹ್ಯಾಮಿಲ್, ಇದೇ ಸರಣಿಯ ಜೋಕರ್. ಕೇಕೆ ಹಾಕುವ ಜೋಕರ್‌ಗಿಂತ ಕಂಪನಿಯ ಖರ್ಚುವೆಚ್ಚದ ಮಾತಾಡುವ ಬಾಯ್ಲ್ ನನ್ನನ್ನು ಹೆಚ್ಚು ಹೆದರಿಸುತ್ತಾನೆ. ವರ್ಷದ ಮಾನವತಾವಾದಿ ಎಂಬ ಪ್ರಶಸ್ತಿ ಬೇರೆ ಅವನಿಗೆ! ಈ ಕಂತಿನಲ್ಲಿ ನಿಜವಾದ ಚಳಿ ಯಾರ ಬಂದೂಕಿನದು ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಫ್ರೀಜ್‌ಗೆ ಮಾಫಿಯೂ ಇಲ್ಲ. ಕಂತಿನ ಮೊದಲ ಭಾಗದಲ್ಲಿಯೇ ಒಂದು ಚಿಕ್ಕ ಘಟನೆ ಬರುತ್ತದೆ. ಗಲಾಟೆಯಲ್ಲಿ ಅವನ ಕಡೆಯವನೇ ಒಬ್ಬನ ಕಾಲುಗಳು ಹಿಮಗಟ್ಟುತ್ತವೆ. ಫ್ರೀಜ್ ಅವನನ್ನು ಅಲ್ಲೇ ಬಿಟ್ಟು ಹೊರಡುತ್ತಾನೆ. ಎತ್ತಿಕೊಂಡು ಹೋಗಿ ಆರೈಕೆ ಮಾಡುವವನು ಬ್ಯಾಟ್‌ಮ್ಯಾನ್. ರನ್ನನ ದುರ್ಯೋಧನ ರಣರಂಗದಲ್ಲಿ ತಮ್ಮನ ಹೆಣದ ಮುಂದೆ ಗೋಳಾಡುವಾಗ ನಮ್ಮ ಕರುಳು ಹಿಂಡುತ್ತದೆ, ಆದರೆ ದ್ರೌಪದಿಯ ಮುಡಿ ಮರೆತುಹೋಗುವುದಿಲ್ಲವಲ್ಲ. ಇಲ್ಲಿಯೂ ಹಾಗೆಯೇ. ಈಚೆಗೆ ಬರುವ ಖಳನ ಪೂರ್ವಕಥೆಗಳಲ್ಲಿ ಈ ಎರಡನೆಯ ನೆನಪು ಕಾಣೆಯಾಗಿದೆ. ಅಳು ಬರಿಸಿದರೆ ಸಾಕು, ಲೆಕ್ಕ ಚುಕ್ತಾ.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ತಕರಾರು. ಕಾಲೇಜಿನ ದಿನಗಳಲ್ಲಿ ನಾನು ಇದನ್ನು ದೊಡ್ಡ ಪ್ರೇಮಕಥೆ ಎಂದು ಹಾಸ್ಟೆಲಿನ ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಮೊನ್ನೆ ಮತ್ತೆ ನೋಡುವಾಗ, ಈ ಪ್ರೇಮದಲ್ಲಿ ನೋರಾ ಎಲ್ಲಿದ್ದಾಳೆ ಎಂದು ಹುಡುಕಿದೆ. ಟೇಪಿನಲ್ಲಿ ಗಾಜಿನ ಹಿಂದೆ ಕಣ್ಣು ಮುಚ್ಚಿದ್ದಾಳೆ. ಉಳಿದಂತೆ ಫ್ರೀಜ್‌ನ ಕೈಯಲ್ಲಿರುವ ಗಾಜಿನ ಗೋಳದೊಳಗೆ, ಹಿಮ ಉದುರುವಾಗ ತಿರುಗುವ ನರ್ತಕಿಯ ಗೊಂಬೆಯಾಗಿದ್ದಾಳೆ. ಇಡೀ ಕಂತಿನಲ್ಲಿ ಅವಳದೊಂದು ಮಾತಿಲ್ಲ. ತನ್ನನ್ನು ಹೆಪ್ಪುಗಟ್ಟಿಸುವುದಕ್ಕೆ ಒಪ್ಪಿದ್ದಳೇ, ಹೆದರಿದ್ದಳೇ, ಮದ್ದು ಸಿಗದಿದ್ದರೆ ಬೇಡವೆಂದಿದ್ದಳೇ? ನಮಗೆ ಗೊತ್ತಿಲ್ಲ. ಗೊತ್ತಾಗಬೇಕೆಂದು ನನಗೂ ಅಷ್ಟು ವರ್ಷ ಅನ್ನಿಸಿರಲಿಲ್ಲ. ನನಗೆ ನಾಚಿಕೆಯಾದದ್ದು ಅದಕ್ಕೆ.

ಮುಂದೆ ಬಂದವರಿಗೂ ಈ ಪ್ರಶ್ನೆ ಚುಚ್ಚಿರಬೇಕು. 1997ರ ‘ಕೋಲ್ಡ್ ಕಂಫರ್ಟ್’ ಕಂತಿನ ಹೊತ್ತಿಗೆ ನೋರಾ ಗುಣವಾಗಿದ್ದಾಳೆ, ವೈದ್ಯನೊಬ್ಬನನ್ನು ಮದುವೆಯಾಗಿ ಹೊರಟುಹೋಗಿದ್ದಾಳೆ. ಇದೂ ನಮಗೆ ಬೇರೆಯವರ ಬಾಯಿಂದ ಬರುವ ಸುದ್ದಿ. 2012ರ ‘ಬ್ಯಾಟ್‌ಮ್ಯಾನ್’ ವಾರ್ಷಿಕ ಸಂಚಿಕೆ ಇನ್ನೂ ಮುಂದೆ ಹೋಯಿತು: ನೋರಾ ಅವನ ಹೆಂಡತಿಯೇ ಅಲ್ಲ, ಅವನು ಹುಟ್ಟುವ ಮೊದಲೇ ಹಿಮನಿದ್ರೆಗೆ ಹೋದ ಅಪರಿಚಿತೆ, ಪ್ರೇಮವೆಲ್ಲ ಅವನ ಭ್ರಮೆ. ಓದುಗರು ಸಿಟ್ಟಾದರು. ನನಗೂ ಅದು ರುಚಿಸಲಿಲ್ಲ. ಫ್ರೀಜ್‌ನನ್ನು ಬರೀ ಹುಚ್ಚನನ್ನಾಗಿ ಮಾಡಿದ್ದರಿಂದ ಬಾಯ್ಲ್‌ನಂಥವರು ಸಲೀಸಾಗಿ ಪಾರಾಗುತ್ತಾರೆ. ಆದರೆ ಆ ಬರಹಗಾರರ ಕಣ್ಣು ಬಿದ್ದ ಜಾಗ ಮಾತ್ರ ಸರಿಯಾಗಿತ್ತು.

ಕಂತಿನಲ್ಲಿ ನನಗೆ ಈಗಲೂ ಇಷ್ಟವಾಗುವುದು ಫ್ರೀಜ್ ಸೋಲುವ ರೀತಿ. ನೆಗಡಿಯಾದ ಬ್ಯಾಟ್‌ಮ್ಯಾನ್‌ಗೆಂದು ಮನೆಯ ಮುದುಕ ಆಲ್ಫ್ರೆಡ್ ಥರ್ಮಾಸ್‌ನಲ್ಲಿ ಕೋಳಿ ಸೂಪ್ ಕಟ್ಟಿಕೊಟ್ಟಿರುತ್ತಾನೆ. ಆ ಬಿಸಿ ಸೂಪ್ ತಗುಲಿ ಫ್ರೀಜ್‌ನ ಗಾಜಿನ ಶಿರಸ್ತ್ರಾಣ ಬಿರಿಯುತ್ತದೆ. ನೋಡುವಾಗ ನಗು ಬರುತ್ತದೆ. ಅವನಿಗೆ ಹೀಗೊಂದು ಥರ್ಮಾಸ್ ತುಂಬಿಸಿಕೊಡುವವರು ಯಾರೂ ಉಳಿದಿರಲಿಲ್ಲ ಎಂಬುದು ಹೊಳೆದದ್ದು ಆಮೇಲೆ, ಕೊನೆಯ ದೃಶ್ಯದಲ್ಲಿ. ಅಲ್ಲಿ ಅವನು ಸೆರೆಯಲ್ಲಿ ಕೂತಿದ್ದಾನೆ, ಹಿಮ ಉದುರುತ್ತಿದೆ, ಕೈಯಲ್ಲಿ ಅದೇ ಗೋಳ. ನೋರಾಳ ಕ್ಷಮೆ ಕೇಳುತ್ತಾನೆ, ಗೊಂಬೆಯ ಹತ್ತಿರ.