ಕಡೇಚೂರಿನ ‘ಶುಭರಾತ್ರಿ’

ಕರ್ನಾಟಕದ ದಾರದ ಕೆಲಸದ ಬಗ್ಗೆ ಬರೆಯುವವರು ಧಾರವಾಡದ ಕಸೂತಿಯಿಂದ ಶುರುಮಾಡಿ ಸಂಡೂರಿನ ಲಂಬಾಣಿ ಕೆಲಸಕ್ಕೆ ಬಂದು ನಿಲ್ಲುತ್ತಾರೆ. ಎರಡಕ್ಕೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ, ಇರಬೇಕಾದದ್ದೇ. ಯಾದಗಿರಿ ಜಿಲ್ಲೆಯ ಮಾತು ಬಂದರೆ ಸುರಪುರದ ಗರುಡಾದ್ರಿ ಚಿತ್ರಗಳನ್ನು ನೆನೆದು ಮುಂದೆ ಹೋಗುತ್ತಾರೆ. ಕಡೇಚೂರಿನ ಹೆಸರು ಪತ್ರಿಕೆಗಳಲ್ಲಿ ಕಾಣುವುದು ಅಲ್ಲಿನ ಕೈಗಾರಿಕಾ ಪ್ರದೇಶದ ಸುದ್ದಿಯಲ್ಲಿ ಮಾತ್ರ. ಈ ಕಡೆಯ ಮನೆಗಳಲ್ಲಿ ಹೆಣ್ಣುಮಕ್ಕಳು ಕಾಲಮಶೀನಿನ ಮೇಲೆ ಹೂ ತೆಗೆದ ದಿಂಬಿನ ಗಲೀಪುಗಳನ್ನು ಯಾವ ವಿಮರ್ಶಕರೂ ಕೈಗೆತ್ತಿಕೊಂಡು ನೋಡಿಲ್ಲ. ನೋಡಬೇಕಿತ್ತು. ನಮ್ಮ ಕಾಲದ ಒಂದು ಒಳ್ಳೆಯ ರೇಖಾಕಲೆ ಟ್ರಂಕಿನ ತಳದಲ್ಲಿ ನುಸಿಗುಳಿಗೆಯ ಜೊತೆ ಮಲಗಿದೆ.

ನನ್ನ ಮುಂದಿರುವ ಗಲೀಪು ನನ್ನ ಚಿಗವ್ವ ಮದುವೆಗೆ ಮುಂಚೆ ಹೊಲಿದದ್ದು. ಬಿಳಿ ಪಾಪ್ಲಿನ್, 17 ಅಂಗುಲ ಅಗಲ, 27 ಅಂಗುಲ ಉದ್ದ. ಬಾಯಿಯ ಕಡೆ ನಾಲ್ಕು ಬೆರಳಗಲದ ಪಟ್ಟಿಯಲ್ಲಿ ಎರಡು ಗುಲಾಬಿ, ಒಂದು ಗಿಳಿ, ಅವುಗಳ ಕೆಳಗೆ ನೀಲಿ ದಾರದಲ್ಲಿ ‘ಶುಭರಾತ್ರಿ’. ಗಿಳಿ ಚೆನ್ನಾಗಿಲ್ಲ. ಯಾವುದೋ ಅಚ್ಚಿನಿಂದ ಕಾರ್ಬನ್ ಕಾಗದದಲ್ಲಿ ಇಳಿಸಿದ್ದು, ಕೊಕ್ಕಿನ ಹತ್ತಿರ ದಾರ ಗಿಡಿದು ಬಟ್ಟೆ ಸುರುಟಿಕೊಂಡಿದೆ. ಗುಲಾಬಿಗಳು ಪರವಾಗಿಲ್ಲ. ಆದರೆ ಆ ಅಕ್ಷರಗಳು ಬೇರೆಯೇ ಮಟ್ಟದವು.

ಅವು ಹೇಗೆ ಹುಟ್ಟಿದವು ಎಂಬುದನ್ನು ನಿಧಾನವಾಗಿ ನೋಡಬೇಕು. ಸಾದಾ ಹೊಲಿಗೆಯಲ್ಲಿ ಸೂಜಿಯ ಕೆಳಗಿನ ಹಲ್ಲುಗಳು ಬಟ್ಟೆಯನ್ನು ತಾವೇ ಹಿಂದಕ್ಕೆ ನೂಕುತ್ತವೆ. ಹೂ ತೆಗೆಯುವಾಗ ಆ ಹಲ್ಲುಗಳನ್ನು ಇಳಿಸಿಬಿಡುತ್ತಾರೆ, ಇಲ್ಲವೆ ಮೇಲೊಂದು ತಗಡು ಮುಚ್ಚುತ್ತಾರೆ. ಬಟ್ಟೆಯನ್ನು ಒತ್ತಿ ಹಿಡಿಯುವ ಫುಟ್ಟನ್ನೂ ಕಳಚುತ್ತಾರೆ. ಆಮೇಲೆ ಮಶೀನಿಗೆ ಉಳಿಯುವುದು ಸೂಜಿಯನ್ನು ಮೇಲೆ ಕೆಳಗೆ ಕುಣಿಸುವ ಕೆಲಸ ಒಂದೇ. ರಿಂಗಿನಲ್ಲಿ ಬಿಗಿದ ಬಟ್ಟೆ ಎತ್ತ ಹೋಗಬೇಕು, ಟಾಕಿ ಎಷ್ಟುದ್ದ ಬೀಳಬೇಕು ಎಂಬುದೆಲ್ಲ ಎರಡು ಕೈಗಳ ವಶ. ಬರೆಯುವ ಸೂಜಿ ನಿಂತಲ್ಲೇ ನಿಂತಿರುತ್ತದೆ, ಅದರ ಕೆಳಗೆ ಬಟ್ಟೆ ತಿರುಗುತ್ತದೆ. ಚಿಗವ್ವ ಹೇಳುತ್ತಿದ್ದಳು: “ಕಾಲು ತಡದ್ರ ಕೈನೂ ತಡೀಬೇಕು ಯಪ್ಪಾ, ಇಲ್ಲಂದ್ರ ಸೂಜಿ ಮುರೀತದ.”

ಈ ಕುಣಿತಕ್ಕೆ ಕನ್ನಡದ ದುಂಡು ಅಕ್ಷರ ಒಗ್ಗಿದಷ್ಟು ಬೇರೆ ಯಾವುದೂ ಒಗ್ಗುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ದುಂಡನೆಯ ರಿಂಗನ್ನು ಹಿಡಿದ ಕೈ ಸಹಜವಾಗಿ ಸುತ್ತು ತಿರುಗುತ್ತದೆ, ‘ರಾ’ ತಾನಾಗಿ ಬರುತ್ತದೆ. ಕಷ್ಟ ಇರುವುದು ‘ಭ’ದಲ್ಲಿ ಮತ್ತು ‘ತ್ರಿ’ಯಲ್ಲಿ. ಮಹಾಪ್ರಾಣದ ಕೆಳಗಿನ ಸೀಳು ಕುರುಡು ಓಣಿಯಿದ್ದಂತೆ, ಇಳಿದವರು ಅದೇ ದಾರಿಯಲ್ಲಿ ಮರಳಬೇಕು. ‘ತ್ರಿ’ಯಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ದಾರ ಕತ್ತರಿಸಿ ಎರಡನ್ನೂ ಬೇರೆ ಬೇರೆ ಹೊಲಿಯಬಹುದಿತ್ತು. ಚಿಗವ್ವ ಕತ್ತರಿಸಿಲ್ಲ. ‘ತ’ದ ಸುತ್ತಿನಿಂದ ಒತ್ತಿಗೆ ಇಳಿದು, ಅದರ ಕೊಂಡಿಯ ತುದಿ ಮುಟ್ಟಿ, ಬಂದ ಗೆರೆಯ ಮೇಲೆಯೇ ಹೆಜ್ಜೆಯಿಟ್ಟು ಮೇಲೇರಿ ಗುಡಿಸು ಮುಗಿಸಿದ್ದಾಳೆ. ಎರಡು ಸಲ ನಡೆದ ಕಡೆ ಗೆರೆ ದಪ್ಪವಾಗಿದೆ, ಬೋರು ಲೇಖನಿಯಲ್ಲಿ ಬರೆದ ಹಾಗೆ.

ಹೋಗಿ ಮರಳುವ ಈ ನಡಿಗೆ ಕಸೂತಿ ಬಲ್ಲವರಿಗೆ ಹೊಸದಲ್ಲ. ಅದರ ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಟಾಕಿ ಬಿಟ್ಟು ಒಂದು ಟಾಕಿ ಹಾಕುತ್ತ ಹೋಗಿ, ಮರಳುವಾಗ ಖಾಲಿ ಬಿಟ್ಟಲ್ಲೆಲ್ಲ ತುಂಬುತ್ತ ಬರುತ್ತದೆ. ಎಲ್ಲಿಂದ ಹೊರಟು ಎಲ್ಲಿಗೆ ತಿರುಗಬೇಕೆಂಬ ಲೆಕ್ಕ ಮೊದಲೇ ತಲೆಯಲ್ಲಿರಬೇಕು. ಅದೇ ಲೆಕ್ಕ ಈ ‘ತ್ರಿ’ಯಲ್ಲಿದೆ.

ಹೀಗಿರುವಾಗ ‘ಅದು ಮಶೀನಿನದು’ ಎಂದು ಕರಕುಶಲ ಪ್ರೇಮಿಗಳು ಒಂದೇ ಮಾತಿನಲ್ಲಿ ತಳ್ಳಿಹಾಕುವುದನ್ನು ನಾನು ಒಪ್ಪಲಾರೆ. ಅವರ ದೊಡ್ಡ ಆಕ್ಷೇಪ ಹಿಂಬದಿಯದು. ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳು ಎರಡೂ ಮಗ್ಗುಲಲ್ಲಿ ಒಂದೇ ಥರ ಕಾಣುತ್ತವೆ, ಗಂಟಿಲ್ಲ. ಮಶೀನಿನ ಕೆಲಸದ ಹಿಂಬದಿ ಹಾಗಿಲ್ಲ ಎನ್ನುತ್ತಾರೆ. ನಿಜ. 1846ರಲ್ಲಿ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಹೊಲಿಗೆಯಲ್ಲಿ ಮೇಲೊಂದು ದಾರ, ಕೆಳಗೊಂದು ದಾರ. ಇವತ್ತಿನ ಮನೆಮಶೀನಿನಲ್ಲೂ ಅಷ್ಟೇ. ಆದರೆ ಕಸೂತಿಯ ಸೆರಗು ಗಾಳಿಗೆ ಹಾರಿ ಎರಡೂ ಮಗ್ಗುಲು ತೋರುವಂಥದ್ದು. ಗಲೀಪಿನ ಒಳಮಗ್ಗುಲಿಗೆ ಅರಳೆಯ ದಿಂಬು ಒರಗಿರುತ್ತದೆ. ಸೀರೆಯ ಅಳತೆಗೋಲಿನಿಂದ ದಿಂಬನ್ನು ಅಳೆಯುವುದು ಯಾವ ನ್ಯಾಯ? ದಿಂಬಿಗೆ ಅದರದೇ ಅಳತೆಯಿದೆ: ಕೆನ್ನೆಗೆ ಚುಚ್ಚಬಾರದು, ಒಗೆದರೆ ಮುದುಡಬಾರದು. ಹೂವೆಲ್ಲ ಬಾಯಿಯ ಪಟ್ಟಿಯಲ್ಲೇ ನಿಂತು ತಲೆಯಿಡುವ ಜಾಗ ಖಾಲಿ ಉಳಿದಿರುವುದು ಅದಕ್ಕೇ.

ಇದೇ ಜನ ಕಂಪ್ಯೂಟರ್ ಮಶೀನಿನ ‘ಕಸೂತಿ’ ಕುಶನ್‌ಗಳನ್ನು ಮೆಚ್ಚುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಕಸೂತಿಯ ಜೀವ ಇರುವುದು ಎಳೆ ಎಣಿಸುವುದರಲ್ಲಿ. ಕಂಪ್ಯೂಟರಿನ ಸೂಜಿ ಎಳೆ ಎಣಿಸುವುದಿಲ್ಲ, ಫೈಲು ಹೇಳಿದ ಬಿಂದುವಿಗೆ ಹೋಗಿ ಚುಚ್ಚುತ್ತದೆ. ಬಟ್ಟೆ ರಿಂಗಿನಲ್ಲಿ ಕೂದಲೆಳೆಯಷ್ಟು ವಾರೆಯಾಗಿ ಕೂತರೂ ಕಸೂತಿಯ ಗೋಪುರದ ಗೆರೆ ಒಂದು ಕಡೆ, ನೇಯ್ಗೆಯ ಎಳೆ ಇನ್ನೊಂದು ಕಡೆ. ಹತ್ತಿರ ಹಿಡಿದು ನೋಡಿದರೆ ಸಾಕು, ಗೊತ್ತಾಗುತ್ತದೆ. ಸೂಜಿಯ ದಾರಿಯನ್ನು ಯೋಚಿಸಿದವರು ಬೇರೆಲ್ಲೋ ಕೂತವರು, ಮನೆಯಲ್ಲಿ ಆಗುವುದು ದಾರ ಬದಲಿಸುವ ಕೆಲಸ. ಅಕ್ಷರಕ್ಕಂತೂ ಅದು ಇನ್ನೂ ಇಕ್ಕಟ್ಟು. ಮನೆಬಳಕೆಯ ಸಣ್ಣ ಮಶೀನುಗಳ ರಿಂಗು ಹೆಚ್ಚಾಗಿ 4 ಅಂಗುಲ ಚೌಕ. ಆ ಚೌಕದಲ್ಲಿ ಈ ಅಳತೆಯ ‘ಶುಭರಾತ್ರಿ’ ಹಿಡಿಸುವುದಿಲ್ಲ. ಅರ್ಧಕ್ಕೆ ನಿಲ್ಲಿಸಿ ಬಟ್ಟೆ ಬಿಚ್ಚಿ ಮತ್ತೆ ಬಿಗಿಯಬೇಕು. ಚಿಗವ್ವನೂ ರಿಂಗು ಸರಿಸಿದ್ದಾಳೆ, ‘ಭ’ ಆದ ಮೇಲೆ. ಆದರೆ ಕಣ್ಣಳತೆಯಲ್ಲಿ ಸರಿಸಿದವಳು ಕಣ್ಣಳತೆಯಲ್ಲೇ ತಿದ್ದಿಕೊಂಡಿದ್ದಾಳೆ. ‘ರಾ’ ಒಂದಿಷ್ಟು ಅಗಲವಾಗಿ ಅಂತರವನ್ನು ನುಂಗಿದೆ.

ಗಲೀಪನ್ನು ಒಳಹೊರಗು ಮಾಡಿದರೆ ಬಾಬಿನ್ನಿನ ಬಿಳಿ ದಾರದಲ್ಲಿ ಅದೇ ಶಬ್ದ ಉಲ್ಟಾ ಕಾಣುತ್ತದೆ. ಬಿಳಿಯ ಮೇಲೆ ಬಿಳಿ, ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಅಕ್ಷರದಿಂದ ಅಕ್ಷರಕ್ಕೆ ದಾಟುವಲ್ಲಿ ಮೂರು ಕಡೆ ದಾರದ ತುದಿಗಳಿವೆ. ಒತ್ತಿನಿಂದ ಗುಡಿಸಿಗೆ ಏರುವಲ್ಲಿ ಒಂದೂ ಇಲ್ಲ.