ಅಳತೆಯ ನಿಷ್ಪಕ್ಷಪಾತ: ಗೂಲ್ಡರ ಒಂದು ಗ್ರಂಥವನ್ನು ಕುರಿತು

ವಿಜ್ಞಾನಿಯು ತನ್ನ ರಾಗದ್ವೇಷಗಳನ್ನು ಪ್ರಯೋಗಶಾಲೆಯ ಹೊಸ್ತಿಲಾಚೆ ಬಿಟ್ಟು ಒಳಗೆ ಕಾಲಿಡುತ್ತಾನೆಂಬುದು ವಿದ್ಯಾವಂತರಲ್ಲಿ ಬೇರೂರಿದ ನಂಬಿಕೆ. ಅಮೆರಿಕದ ಪ್ರಾಗ್ಜೀವಿವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ (1941–2002) ಅವರು 1981ರಲ್ಲಿ ಪ್ರಕಟಿಸಿದ ‘ದಿ ಮಿಸ್‌ಮೆಷರ್ ಆಫ್ ಮ್ಯಾನ್’ ಎಂಬ ಗ್ರಂಥವು ಈ ನಂಬಿಕೆಯನ್ನೇ ಪ್ರಶ್ನಿಸುತ್ತದೆ. ಮನುಷ್ಯನ ಬುದ್ಧಿಯನ್ನು ಒಂದು ಸಂಖ್ಯೆಗಿಳಿಸಿ, ಆ ಸಂಖ್ಯೆಯ ಬಲದಿಂದ ಜನಾಂಗಗಳನ್ನು ಮೇಲುಕೀಳೆಂದು ಸಾಲಾಗಿ ನಿಲ್ಲಿಸಿದ ಪ್ರಯತ್ನಗಳ ಇತಿಹಾಸವೇ ಅದರ ವಸ್ತು. ಆದರೆ ಅದರಲ್ಲಿನ ಅತ್ಯಂತ ಪ್ರಸಿದ್ಧ ಪ್ರಕರಣಕ್ಕೆ ಮುಂದೆ ಒದಗಿದ ಗತಿಯನ್ನು ಅರಿಯದೆ ಈ ಗ್ರಂಥಕ್ಕೆ ಬೆಲೆ ಕಟ್ಟಲಾಗದು.

ಅದು ಫಿಲಡೆಲ್ಫಿಯದ ವೈದ್ಯ ಸ್ಯಾಮ್ಯುಯೆಲ್ ಜಾರ್ಜ್ ಮಾರ್ಟನ್ನನ (1799–1851) ಪ್ರಕರಣ. ತಲೆಬುರುಡೆಗಳನ್ನು ಸಂಗ್ರಹಿಸಿ, ಮೊದಲು ಸಣ್ಣ ಬೀಜಗಳನ್ನೂ ಅನಂತರ ಸೀಸದ ಗುಂಡುಗಳನ್ನೂ ತುಂಬಿ, ಅವುಗಳ ಗಾತ್ರವನ್ನು ಅವನು ಅಳೆದನು. ಬಿಳಿಯರ ಸರಾಸರಿ ಎಲ್ಲಕ್ಕೂ ಮೇಲೆ, ಆಫ್ರಿಕದವರದು ಕೆಳಗೆ ಎಂದು ಬಂದ ಫಲಿತಾಂಶವು ಗುಲಾಮಗಿರಿಯ ಸಮರ್ಥಕರಿಗೆ ಆಯುಧವಾಯಿತು.

ಗೂಲ್ಡರ ಆಕ್ಷೇಪಣೆಗಳಲ್ಲಿ ಎರಡು ಮುಖ್ಯವಾದವು. ಬೀಜದಿಂದ ಗುಂಡಿಗೆ ಬದಲಾಯಿಸಿದಾಗ ಆಫ್ರಿಕದವರ ಸರಾಸರಿ 5.4 ಘನ ಅಂಗುಲ ಏರಿತು. ಬಿಳಿಯರದು ಏರಿದ್ದು 1.8 ಮಾತ್ರ. ಬೀಜವನ್ನು ಬೆರಳಿನಿಂದ ಒತ್ತಬಹುದು, ಗುಂಡನ್ನು ಒತ್ತಲಾಗದು. ಅರಿವಿಲ್ಲದೆಯೇ ಬೆರಳು ಪಕ್ಷಪಾತ ಮಾಡಿರಬಹುದೆಂಬುದು ಅವರ ಊಹೆ. ಎರಡನೆಯದು ಆಯ್ಕೆಯ ವಿಷಯ. ಅಮೆರಿಕದ ಮೂಲನಿವಾಸಿಗಳ ಸರಾಸರಿಯಲ್ಲಿ ಪೆರು ದೇಶದ ಚಿಕ್ಕ ಬುರುಡೆಗಳು ಧಾರಾಳವಾಗಿ ಸೇರಿವೆ. ಆದರೆ ಬಿಳಿಯರ ವರ್ಗಕ್ಕೆ ಸೇರಿದ್ದ ಹಿಂದೂ ಬುರುಡೆಗಳಲ್ಲಿ ಮೂರನ್ನು ಮಾತ್ರ ಗಣನೆಗೆ ತೆಗೆದುಕೊಂಡು, ಉಳಿದವನ್ನು ಚಿಕ್ಕವೆಂಬ ಕಾರಣಕ್ಕೇ ಮಾರ್ಟನ್ ಕೈಬಿಟ್ಟನು. ನಮ್ಮ ದೇಶದವರ ತಲೆಗಳು ಹೀಗೆ ಲೆಕ್ಕದಿಂದ ಮರೆಯಾದ ಬಗೆ ಭಾರತೀಯ ಓದುಗನು ನೆನಪಿಡತಕ್ಕದ್ದು.

2011ರಲ್ಲಿ ಮಾನವಶಾಸ್ತ್ರಜ್ಞರ ಒಂದು ತಂಡವು ಆ ಸಂಗ್ರಹದ 308 ಬುರುಡೆಗಳನ್ನು ಮತ್ತೆ ಅಳೆಯಿತು. ಮಾರ್ಟನ್ನನ ಅಳತೆಗಳು ಬಹುಮಟ್ಟಿಗೆ ಸರಿಯಾಗಿವೆ, ಇರುವ ತಪ್ಪುಗಳೂ ಅವನ ಪೂರ್ವಗ್ರಹದ ಕಡೆಗೆ ವಾಲಿಲ್ಲ, ಪಕ್ಷಪಾತದ ಆರೋಪ ಗೂಲ್ಡರಿಗೇ ಹೆಚ್ಚು ಸಲ್ಲುತ್ತದೆ ಎಂಬುದು ಅವರ ತೀರ್ಪು. ಗೂಲ್ಡರು ಬುರುಡೆಗಳನ್ನು ತಾವೇ ಅಳೆದಿರಲಿಲ್ಲವೆಂಬುದು ನಿಜ. ಇಷ್ಟು ದೊಡ್ಡ ಆರೋಪವನ್ನು ಹೊರಿಸುವವರಿಗೆ ಇದು ಸಣ್ಣ ಲೋಪವಲ್ಲ. ಆದರೆ ಗೂಲ್ಡರು ಶಂಕಿಸಿದ್ದು ಬೀಜದ ಅಳತೆಯನ್ನೇ ಹೊರತು ಗುಂಡಿನ ಅಳತೆಯನ್ನಲ್ಲವೆಂದು ತತ್ತ್ವಜ್ಞಾನಿ ಮೈಕೇಲ್ ವೈಸ್‌ಬರ್ಗ್ 2014ರಲ್ಲಿ ಉತ್ತರಿಸಿದರು.

ಈ ವಾಗ್ವಾದದ ಗದ್ದಲದಲ್ಲಿ ಮುಖ್ಯವಾದ ಒಂದು ಅಂಶ ಮರೆಯಾಗಬಾರದು. ಮಾರ್ಟನ್ನನ ಸಮಕಾಲೀನ, ಜರ್ಮನಿಯ ಫ್ರೀಡ್ರಿಖ್ ಟೀಡೆಮಾನ್ 1836ರಲ್ಲಿ ಇಂಥದೇ ಅಳತೆಗಳನ್ನು ಪ್ರಕಟಿಸಿದನು. ಇಬ್ಬರ ಅಂಕಿಗಳೂ ಬಹುಮಟ್ಟಿಗೆ ಹೋಲುತ್ತವೆಂದು 2018ರ ಒಂದು ಅಧ್ಯಯನ ತೋರಿಸಿದೆ. ಆದರೆ ಟೀಡೆಮಾನ್ ಸರಾಸರಿಯನ್ನು ಹಿಡಿಯದೆ, ಒಂದೊಂದು ಜನಾಂಗದ ಅಳತೆಯೂ ಎಲ್ಲಿಂದ ಎಲ್ಲಿಯವರೆಗೆ ಹರಡಿದೆಯೆಂದು ನೋಡಿದನು. ಅವು ಒಂದರ ಮೇಲೊಂದು ಹಾಯ್ದಿರುವುದನ್ನು ಕಂಡು ಜನಾಂಗಗಳ ಸಮಾನತೆಯನ್ನು ಸಾರಿದನು. ಅಂಕಿ ಒಂದೇ, ತೀರ್ಮಾನ ಎರಡು! ಪೂರ್ವಗ್ರಹವನ್ನು ಬೆರಳಿನಲ್ಲಿ ಹುಡುಕಿದ್ದೇ ಗೂಲ್ಡರ ದೌರ್ಬಲ್ಯವೆಂದು ನಮಗೆ ತೋರುತ್ತದೆ. ಬೆರಳು ಪ್ರಾಮಾಣಿಕವಾಗಿದ್ದರೂ, ತಲೆಯ ಗಾತ್ರವೇ ಬುದ್ಧಿಯ ಗಾತ್ರವೆಂದು ಮೊದಲೇ ನಂಬಿದವನ ಪ್ರಶ್ನೆ ಪ್ರಾಮಾಣಿಕವಾಗದು. ದೇಹದ ಎತ್ತರವನ್ನೂ, ಬುರುಡೆ ಸ್ತ್ರೀಯದೋ ಪುರುಷನದೋ ಎಂಬುದನ್ನೂ ಮಾರ್ಟನ್ ಲೆಕ್ಕಿಸದಿದ್ದುದು ಅಳತೆಯ ತಪ್ಪಲ್ಲ, ಪ್ರಶ್ನೆಯ ತಪ್ಪು.

ಹಾಗಾದರೆ ವಸ್ತುನಿಷ್ಠತೆ ಬರಿಯ ಭ್ರಮೆಯೆ? ಅಲ್ಲ. ಮಾರ್ಟನ್ ತನ್ನ ಅಂಕಿಗಳನ್ನು ಬಹುಮಟ್ಟಿಗೆ ಮುಚ್ಚುಮರೆಯಿಲ್ಲದೆ ಅಚ್ಚುಹಾಕಿಸಿದನು, ಬುರುಡೆಗಳು ಉಳಿದುಬಂದವು. ಆದುದರಿಂದಲೇ ಅವನ ದೋಷವನ್ನು ಗೂಲ್ಡರೂ, ಗೂಲ್ಡರ ದೋಷವನ್ನು ಮುಂದಿನವರೂ, ಅವರ ದೋಷವನ್ನು ಅವರ ಮುಂದಿನವರೂ ಹಿಡಿಯಲು ಸಾಧ್ಯವಾಯಿತು. ವಸ್ತುನಿಷ್ಠತೆಯು ಒಬ್ಬ ಸಂಶೋಧಕನ ಹೃದಯದಲ್ಲಿ ನೆಲಸುವ ಗುಣವಲ್ಲ. ಲೆಕ್ಕವನ್ನು ಎದುರಾಳಿಯ ಮುಂದೆ ತೆರೆದಿಡುವ ಶಿಸ್ತು. ಗೂಲ್ಡರ ಗ್ರಂಥವು ಈ ಪರೀಕ್ಷೆಯಲ್ಲಿ ಒಂದೆರಡು ಕಡೆ ಮುಗ್ಗರಿಸಿದರೂ, ಪರೀಕ್ಷೆಯ ಅಗತ್ಯವನ್ನು ನಮಗೆ ಮನಗಾಣಿಸಿದೆ. ಆ ಮಟ್ಟಿಗೆ ಅದು ಇಂದಿಗೂ ಓದತಕ್ಕ ಕೃತಿ.